ಒಂದೇ ಬಾಕ್ಸಿನಲ್ಲಿ ಬಿಳುಪೂ ಬೂಸ್ಟೂ: ಕಾರವಾರದ ಕೋಲ್ಡ್ ರೂಮಿನಲ್ಲಿ ದ್ರಾಕ್ಷಿ ಕೆಟ್ಟ ಪ್ರಕರಣ

ಮಾರ್ಚ್ ಮೊದಲ ವಾರ ಒಳಗಿಟ್ಟ ದ್ರಾಕ್ಷಿ ಬಾಕ್ಸನ್ನು 38ನೇ ದಿನ ತೆರೆದಾಗ ಕಂಡದ್ದು ಹೀಗೆ. ಮೇಲಿನ ಗೊಂಚಲುಗಳಲ್ಲಿ ಕಾಳಿನ ತೊಟ್ಟಿನ ಸುತ್ತ ಬಿಳಿಚಿದ ಉಂಗುರ. ಕೆಲವು ಕಾಳು ಪೂರ್ತಿ ಬಣ್ಣ ಬಿಟ್ಟು, ಅಲ್ಲಲ್ಲಿ ತಗ್ಗು ಬಿದ್ದಿದ್ದವು. ಬಾಯಿಗೆ ಹಾಕಿದರೆ ಗಂಧಕದ ಘಾಟು. ಅದೇ ಬಾಕ್ಸಿನ ತಳದಲ್ಲಿ ಏಳೆಂಟು ಕಾಳು ಒಂದಕ್ಕೊಂದು ಅಂಟಿಕೊಂಡು ಬೂದು ಬೂಸ್ಟು ಹಿಡಿದಿದ್ದವು. ಅವುಗಳ ಪಕ್ಕದ, ನೋಡಲು ಚೆನ್ನಾಗಿಯೇ ಇದ್ದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಕೈಗೇ ಬರುತ್ತಿತ್ತು. ಗೊಂಚಲಿನ ಕಡ್ಡಿಗಳೆಲ್ಲ ಒಣಗಿದ ಕಾಫಿ ಬಣ್ಣ.

ಬಿಳುಪು ಬರುವುದು ಬೂಸ್ಟು ತಡೆಯಲು ಬಳಸುವ ಸಲ್ಫರ್ ಡೈಆಕ್ಸೈಡ್ ಅನಿಲ ಹೆಚ್ಚಾದಾಗ, ಬೂದು ಬೂಸ್ಟು ಬರುವುದು ಅದು ಸಾಲದೆ ಹೋದಾಗ. ಎರಡೂ ಒಂದೇ ಐದು ಕೆ.ಜಿ. ಬಾಕ್ಸಿನಲ್ಲಿ! ಸಲ್ಫರ್ ಪ್ಯಾಡ್ (ಬಾಕ್ಸಿನೊಳಗಿಟ್ಟರೆ ಈ ಅನಿಲ ಬಿಡುವ ಹಾಳೆ) ಮಾರಿದವರು ಕೋಲ್ಡ್ ರೂಮ್ ಸರಿಯಿಲ್ಲ ಎಂದರು. ರೂಮ್ ರಿಪೇರಿಯವರು ಮೀಟರಿನಲ್ಲಿ 0.5 ಡಿಗ್ರಿ ತೋರಿಸಿ, ಹಣ್ಣೇ ಕೆಟ್ಟದ್ದು ಬಂದಿದೆ ಎಂದರು. ತೋಟದವರು, ಅದೇ ತೋಟದ ಹಣ್ಣು ಬೇರೆ ಕಡೆ ಎರಡು ತಿಂಗಳು ನಿಂತಿದೆ ಎಂದರು. ಮೂವರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಆದರೆ ಮೂವರೂ ಹೇಳದೆ ಬಿಟ್ಟದ್ದು ಒಂದಿತ್ತು: ನೀರು.

ಮೊದಲು ಸನ್ನಿವೇಶ. ಕಾರವಾರ ಪೇಟೆಯ ಹೊರಗೆ ಹಣ್ಣಿನ ಸಗಟು ವ್ಯಾಪಾರಿಯೊಬ್ಬರ ಕೋಲ್ಡ್ ರೂಮ್. 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಅಂದರೆ ಒಳಗೆ ಸುಮಾರು 30 ಘನ ಮೀಟರ್ ಜಾಗ. ಗೋಡೆ 100 ಮಿ.ಮೀ. ಪಫ್ ಪ್ಯಾನೆಲ್, ಅಂದರೆ ಶಾಖ ತಡೆಯುವ ನೊರೆ ತುಂಬಿದ ಹಲಗೆ. ಯಂತ್ರ ಒಂದು ಟನ್ನಿನದು, ಅಂದರೆ ಗಂಟೆಗೆ ಹೆಚ್ಚೆಂದರೆ 3.5 ಯೂನಿಟ್‌ನಷ್ಟು ಶಾಖವನ್ನು ಹೊರಗೆ ಹಾಕಬಲ್ಲದು (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, 3,600 ಕಿಲೋಜೂಲ್). ಕರಾವಳಿಯಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ. ಇಲ್ಲಿಗೆ ಬರುವುದೆಲ್ಲ ವಿಜಯಪುರ, ಬಾಗಲಕೋಟೆ ಕಡೆಯ ಮಾಲು. ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಂದು ಮುಗಿಯುತ್ತದೆ. ಅಲ್ಲಿಂದ ಕಾರವಾರಕ್ಕೆ ಒಂದು ಗಂಟೆಯೂ ಬೇಡ. ಒಟ್ಟು 350 ಕಿ.ಮೀ. ಮೀರಿದ ದಾರಿ, ಲಾರಿಗೆ ಒಂದು ರಾತ್ರಿಯ ಓಟ. ಏಪ್ರಿಲ್ ಮುಗಿಯುತ್ತಿದ್ದಂತೆ ಅಲ್ಲಿನ ಕೊಯ್ಲು ಮುಗಿಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಮದುವೆ, ಮುಂಜಿ, ಗೋಕರ್ಣ-ಮುರ್ಡೇಶ್ವರದ ಪ್ರವಾಸಿಗಳು, ಮೈಸುಡುವ ಸೆಕೆ. ಮಾರ್ಚಿನ ಹಣ್ಣನ್ನು ಮೇವರೆಗೆ ಹಿಡಿದಿಟ್ಟರೆ ಲಾಭ ಎಂಬ ಲೆಕ್ಕದಲ್ಲಿ ತಪ್ಪೇನಿಲ್ಲ. ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಣ್ಣು ಸರಿಯಾಗಿ ಇಟ್ಟರೆ ಎರಡು ತಿಂಗಳು ನಿಲ್ಲುತ್ತದೆ.

ಮೊದಲ ತಂಡದಲ್ಲಿ 240 ಬಾಕ್ಸ್ ಬಂದಿತ್ತು, ಬಾಕ್ಸಿಗೆ 5 ಕೆ.ಜಿ.ಯಂತೆ 1,200 ಕೆ.ಜಿ. ಮಧ್ಯಾಹ್ನದವರೆಗೂ ಕೊಯ್ದು, ತೋಟದ ಶೆಡ್ಡಿನಲ್ಲೇ ಪ್ಯಾಕ್ ಮಾಡಿ, ಸಲ್ಫರ್ ಪ್ಯಾಡನ್ನೂ ಒಳಗಿಟ್ಟು, ಪಾಲಿಥೀನ್ ಲೈನರ್ (ಬಾಕ್ಸಿನ ಒಳಹೊದಿಕೆ) ಮಡಚಿ, ಮುಚ್ಚಳ ಹಾಕಿ, ತಾಡಪತ್ರಿ ಹೊದಿಸಿದ ಸಾದಾ ಲಾರಿಯಲ್ಲಿ ಕಳಿಸಿದ್ದರು. ಬೆಳಿಗ್ಗೆ ಕಾರವಾರದಲ್ಲಿ ಇಳಿಸುವಾಗ ನಡು ಬಾಕ್ಸಿನ ಕಾಳಿಗೆ ಥರ್ಮಾಮೀಟರ್ ಚುಚ್ಚಿದರೆ 29 ಡಿಗ್ರಿ. ಅಷ್ಟನ್ನೂ ಒಂದೇ ದಿನ ರೂಮಿಗೆ ತುಂಬಿ, ಗೋಡೆಗೆ ತಾಗುವಂತೆ, ಸಾಲುಗಳ ನಡುವೆ ಸಂದಿಲ್ಲದಂತೆ ಅಟ್ಟಿ ಹಾಕಲಾಯಿತು. ಮರುದಿನ ಬೆಳಿಗ್ಗೆ ರೂಮಿನ ಮೀಟರ್ 0.5 ತೋರಿಸಿತು. ಅಟ್ಟಿಯ ನಡುವಿನ ಕಾಳು ಮಾತ್ರ ಇನ್ನೂ 11 ಡಿಗ್ರಿಯಲ್ಲಿತ್ತು. 2 ಡಿಗ್ರಿಗಿಂತ ಕೆಳಗೆ ಇಳಿದದ್ದು ಐದನೇ ದಿನ. ಮೀಟರ್ ತೋರಿಸುವುದು ಗಾಳಿಯ ಚಳಿಯನ್ನು, ಹಣ್ಣಿನದನ್ನಲ್ಲ. ಈ ಒಂದು ವಿಷಯ ತಿಳಿಯದೆ ಹಾಳಾದ ಹಣ್ಣು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಈಗ ಹಣ್ಣಿನ ಸ್ವಭಾವ. ದ್ರಾಕ್ಷಿ ಬಾಳೆ, ಮಾವು, ಚಿಕ್ಕುವಿನ ಹಾಗೆ ಕಿತ್ತ ಮೇಲೆ ಹಣ್ಣಾಗುವ ಜಾತಿಯಲ್ಲ. ಕೊಯ್ದ ಹೊತ್ತಿಗೆ ಎಷ್ಟು ಸಿಹಿಯೋ ಅಷ್ಟೇ. ಮುಂದೆ ಅದು ಕಳೆದುಕೊಳ್ಳುವುದೇ ಹೊರತು ಗಳಿಸುವುದಿಲ್ಲ. ಕಳೆದುಕೊಳ್ಳುವುದರಲ್ಲಿ ಮೊದಲನೆಯದು ನೀರು, ಅದೂ ಮೊದಲು ಕಡ್ಡಿಯಿಂದ. ಕಾಳಿಗೆ ಮೇಣದ ಹೊದಿಕೆ ಇದೆ, ಕಡ್ಡಿಗೆ ಅಂಥ ರಕ್ಷಣೆ ಇಲ್ಲ. ಒಟ್ಟು ತೂಕದಲ್ಲಿ ಶೇ. 2ರಷ್ಟು ಹೋಗುವ ಹೊತ್ತಿಗೆ ಕಡ್ಡಿ ಕಂದಲು ಶುರುವಾಗುತ್ತದೆ, ಶೇ. 4-5 ಹೋದರೆ ಕಾಳೇ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಐದು ಕೆ.ಜಿ. ಬಾಕ್ಸಿಗೆ ಶೇ. 2 ಎಂದರೆ ಬರೀ 100 ಗ್ರಾಂ. ಇದನ್ನು ಹಿಡಿಯಲು ದುಬಾರಿ ಉಪಕರಣ ಬೇಡ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ನಾಲ್ಕು ಬಾಕ್ಸಿಗೆ ಗುರುತು ಹಾಕಿ, ಒಳಗಿಡುವ ದಿನ ತೂಗಿ, ವಾರಕ್ಕೊಮ್ಮೆ ರೂಮಿನೊಳಗೇ ತೂಗಬೇಕು. ಹೊರಗೆ ತಂದರೆ ರಟ್ಟಿನ ಮೇಲೆ ಬೆವರು ಕೂತು ತೂಕ ಹೆಚ್ಚು ತೋರಿಸುತ್ತದೆ. ಮೊದಲ ತಂಡದಲ್ಲಿ ಗುರುತಿನ ಬಾಕ್ಸು 38 ದಿನಕ್ಕೆ 5,000 ಗ್ರಾಂನಿಂದ 4,790ಕ್ಕೆ ಇಳಿದಿತ್ತು. ಶೇ. 4.2. ಕಡ್ಡಿ ಕಾಫಿ ಬಣ್ಣಕ್ಕೆ ಬಂದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಎರಡನೆಯ ಶತ್ರು ಬೂದು ಬೂಸ್ಟು, ಬೋಟ್ರೈಟಿಸ್. ಕಪ್ಪು ಬೂಸ್ಟು, ಹತ್ತಿಯಂತೆ ನೂಲು ಬಿಡುವ ರೈಜೋಪಸ್ ಇವೆಲ್ಲ 0 ಡಿಗ್ರಿಯಲ್ಲಿ ಸುಮ್ಮನಾಗುತ್ತವೆ. ಬೋಟ್ರೈಟಿಸ್ ಹಾಗಲ್ಲ, 0 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಅದರ ಸೋಂಕು ಬಳ್ಳಿ ಹೂ ಬಿಡುವಾಗಲೇ ಒಳಸೇರಿ ಅಡಗಿ ಕೂತಿರಬಹುದು. ಹಾಗೆ ಕೂತದ್ದು ಒಂದು ಕಾಳಿನಿಂದ ಹೊರಬಿದ್ದು, ತಾಗಿದ ಕಾಳಿಗೆಲ್ಲ ಹಬ್ಬಿ ಗೂಡು ಕಟ್ಟುತ್ತದೆ. ಹಾಗಾಗಿ ದ್ರಾಕ್ಷಿಗೆ ಚಳಿಯೊಂದೇ ಸಾಲದು, ಸಲ್ಫರ್ ಡೈಆಕ್ಸೈಡ್ ಬೇಕು. 0 ಡಿಗ್ರಿಯಲ್ಲಿ ಬೂಸ್ಟಿನ ಬೀಜಕಣವನ್ನೂ ನೂಲನ್ನೂ ಕೊಲ್ಲಲು ಬೇಕಾದ ಪ್ರಮಾಣ ಸುಮಾರು 100 ಪಿಪಿಎಂ-ಗಂಟೆ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು): 100 ಪಿಪಿಎಂ ಒಂದು ಗಂಟೆ ಇದ್ದರೂ ಸರಿ, 10 ಪಿಪಿಎಂ ಹತ್ತು ಗಂಟೆ ಇದ್ದರೂ ಸರಿ. ಆದರೆ ಈ ಅನಿಲ ಮೇಲ್ಮೈಯ ಬೂಸ್ಟನ್ನು ಕೊಲ್ಲುತ್ತದೆ, ಕಾಳಿನ ಒಳಗೆ ಕೂತದ್ದನ್ನಲ್ಲ. ಒಳಗಿನದು ಹೊರಬಂದಾಗಲೆಲ್ಲ ಹೊಡೆಯಲು ಅನಿಲ ಕೊನೆವರೆಗೂ ಸ್ವಲ್ಪ ಸ್ವಲ್ಪ ಇರಬೇಕು. ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿ ವಾರ-ಹತ್ತು ದಿನಕ್ಕೊಮ್ಮೆ ಸಿಲಿಂಡರಿನಿಂದ ಬಿಡುತ್ತಾರೆ. ಸಣ್ಣ ರೂಮಿನವರು ಅದಕ್ಕೆ ಕೈ ಹಾಕಲೇಬಾರದು, ನಮಗಿರುವುದು ಪ್ಯಾಡ್.

ಈ ಪ್ಯಾಡ್ ಒಂದು ಗಡಿಯಾರ, ಅದನ್ನು ಓಡಿಸುವುದು ನೀರು. ಒಳಗಿರುವುದು ಸೋಡಿಯಂ ಮೆಟಾಬೈಸಲ್ಫೈಟ್ ಪುಡಿ. ತೇವ ತಾಗಿದರೆ ಅದು ಬೈಸಲ್ಫೈಟಾಗಿ ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ. ಎರಡು ಹಂತದ ಪ್ಯಾಡಿನಲ್ಲಿ ಒಂದು ಭಾಗ ಬರೀ ಕಾಗದದ ಹಿಂದಿರುತ್ತದೆ: ಮೊದಲ ಒಂದೆರಡು ದಿನದಲ್ಲಿ ಜೋರಾಗಿ ಬಿಟ್ಟು, ಕೊಯ್ಲಿನ ಗಾಯಗಳ ಮೇಲೆ ಕೂತ ಬೂಸ್ಟನ್ನು ಸುಡುತ್ತದೆ. ಇನ್ನೊಂದು ಭಾಗ ಪ್ಲಾಸ್ಟಿಕ್ ಪದರದ ಒಳಗೆ ಪುಟ್ಟ ಪುಟ್ಟ ಕೋಶಗಳಲ್ಲಿರುತ್ತದೆ. ತೇವ ನಿಧಾನವಾಗಿ ನುಸುಳಿದಂತೆ ಎಂಟು-ಹತ್ತು ವಾರ ಸಣ್ಣಗೆ ಬಿಡುತ್ತಾ ಹೋಗುತ್ತದೆ. ಇದೆಲ್ಲ ಲೆಕ್ಕ ಹಾಕಿರುವುದು 0 ಡಿಗ್ರಿಯ ಹಣ್ಣಿನ ಸುತ್ತ ಇರುವ ತೇವಕ್ಕೆ, ನೀರಿನ ಹನಿಗಲ್ಲ.

ಮೊದಲ ತಂಡದಲ್ಲಿ ಆದದ್ದನ್ನು ಈಗ ಓದಬಹುದು. 29 ಡಿಗ್ರಿಯ ಹಣ್ಣು ಲೈನರಿನೊಳಗೆ ಆವಿ ಬಿಟ್ಟಿತು. ರೂಮಿನಲ್ಲಿ ಮೊದಲು ತಣ್ಣಗಾದದ್ದು ಮೇಲಿನ ಲೈನರ್ ಮತ್ತು ಅದಕ್ಕೆ ಒತ್ತಿಕೊಂಡ ಪ್ಯಾಡ್. ಅನ್ನದ ಪಾತ್ರೆಯ ಮುಚ್ಚಳಕ್ಕೆ ಕೂತಂತೆ ಆವಿಯೆಲ್ಲ ಅಲ್ಲಿ ಹೋಗಿ ಹನಿಯಾಯಿತು. ಪ್ಯಾಡ್ ತೊಯ್ದು, ಜೋರು ಭಾಗದ ಜೊತೆ ನಿಧಾನದ ಭಾಗವೂ ಬೇಗ ಬೇಗ ಬಿಡಲು ಶುರುಮಾಡಿತು. ಲಾರಿಯಲ್ಲಿ ಒಂದು ಇಡೀ ರಾತ್ರಿ, ರೂಮಿನಲ್ಲಿ ಐದು ದಿನ. ಮೇಲಿನ ಕಾಳುಗಳ ಮೈಯೂ ಒದ್ದೆ. ಅನಿಲ ಆ ನೀರಿನಲ್ಲಿ ಕರಗಿ, ಸಿಪ್ಪೆಗೆ ರಕ್ಷಣೆ ಇಲ್ಲದ ಜಾಗದಿಂದ, ಅಂದರೆ ತೊಟ್ಟಿನ ಬುಡ ಮತ್ತು ಕೂದಲೆಳೆಯ ಬಿರುಕಿನಿಂದ, ಒಳಗಿಳಿಯಿತು. ಬಿಳಿ ಉಂಗುರ ಬಂದದ್ದು ಹಾಗೆ. ಒದ್ದೆ ಕಾಳು, ಒದ್ದೆ ರಟ್ಟು ಎರಡೂ ಅನಿಲವನ್ನು ಹೀರುತ್ತವೆ. ಹೀಗಾಗಿ ತಳದ ಪೌಚುಗಳಿಗೆ (ಗೊಂಚಲು ತುಂಬಿಟ್ಟ ಚೀಲಗಳಿಗೆ) ಸೇರಬೇಕಾದದ್ದು ಪೂರ್ತಿ ಸೇರಲೇ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಪ್ಯಾಡ್ ಖಾಲಿ. ಆಮೇಲೆ ತಳದ ಬೂಸ್ಟಿಗೆ ಯಾರ ಹೆದರಿಕೆಯೂ ಇಲ್ಲ.

ಇದು ಊಹೆಯಲ್ಲ ಎಂದು ತೋರಿಸಿದ್ದು ಪ್ಯಾಡೇ. ಕೆಟ್ಟ ಬಾಕ್ಸಿನ ಪ್ಯಾಡನ್ನು ಬ್ಲೇಡಿನಿಂದ ಸೀಳಿ ನೋಡಿದರೆ ನಿಧಾನದ ಕೋಶಗಳಲ್ಲಿ ಪುಡಿಯೇ ಇರಲಿಲ್ಲ, ಅಂಟಿನಂಥ ಕಲೆ ಮಾತ್ರ. ಮೂಗಿಗೆ ಘಾಟೂ ಇಲ್ಲ. 38ನೇ ದಿನಕ್ಕೆ ಅಲ್ಲಿ ಇನ್ನೂ ಬಿಳಿ ಪುಡಿ ಉಳಿದಿರಬೇಕಿತ್ತು. ಬೂಸ್ಟು ಕಂಡ ಬಾಕ್ಸನ್ನು ಬಿಸಾಡುವ ಮೊದಲು ಪ್ಯಾಡ್ ಸೀಳಿ ನೋಡಿ: ಪುಡಿ ಇದ್ದೂ ಬೂಸ್ಟು ಬಂದಿದ್ದರೆ ತಪ್ಪು ತೋಟದಲ್ಲೋ ಲೈನರಿನ ತೂತಿನಲ್ಲೋ ಇದೆ, ಪುಡಿ ಇಲ್ಲದಿದ್ದರೆ ತಪ್ಪು ನೀರಿನದು. ಅಂದಹಾಗೆ, ದೊಡ್ಡ ಬಾಕ್ಸಿನ ಪ್ಯಾಡನ್ನು ಕತ್ತರಿಯಿಂದ ಎರಡು ಮಾಡಿ ಸಣ್ಣ ಬಾಕ್ಸಿಗೆ ಹಾಕುವವರಿದ್ದಾರೆ. ಕತ್ತರಿಸಿದ ಅಂಚಿನ ಕೋಶಗಳೆಲ್ಲ ಬಾಯಿ ತೆರೆದು, ನಿಧಾನದ ಪುಡಿ ಜೋರಿನ ಪುಡಿಯಾಗುತ್ತದೆ, ಹಣ್ಣಿನ ಮೇಲೂ ಉದುರುತ್ತದೆ. ಹತ್ತು ರೂಪಾಯಿ ಉಳಿಸಲು ಐದು ಕೆ.ಜಿ. ಕಳೆಯುವ ಉಪಾಯ ಅದು.

ಹಾಗಾದರೆ ಬಿಸಿ ಹಣ್ಣನ್ನು ರೂಮಿಗಿಟ್ಟದ್ದೇ ತಪ್ಪೇ? ಲೆಕ್ಕ ನೋಡೋಣ. ದ್ರಾಕ್ಷಿಯ ಒಂದು ಕೆ.ಜಿ.ಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.6 ಕಿಲೋಜೂಲ್ ತೆಗೆಯಬೇಕು. 1,200 ಕೆ.ಜಿ.ಯನ್ನು 29ರಿಂದ 0ಗೆ ಇಳಿಸಲು 1,25,000 ಕಿಲೋಜೂಲ್, ಅಂದರೆ ಸುಮಾರು 35 ಯೂನಿಟ್. ಯಂತ್ರ ಗಂಟೆಗೆ 3.5 ಯೂನಿಟ್ ತೆಗೆದರೆ 10 ಗಂಟೆ. ಗೋಡೆಯಿಂದ ಬರುವುದು, ಫ್ಯಾನಿನದು, ಬಾಗಿಲಿನದು ಕಳೆದರೆ 14 ಗಂಟೆ ಎನ್ನಿ. ಆದರೆ ಹಿಡಿದದ್ದು ಐದು ದಿನ! ಯಂತ್ರಕ್ಕೆ ತಾಕತ್ತಿಲ್ಲದೆ ಅಲ್ಲ, ಶಾಖ ಯಂತ್ರದವರೆಗೆ ಬರಲು ದಾರಿ ಇಲ್ಲದೆ. ಪೌಚು, ಲೈನರ್, ರಟ್ಟು, ಸಂದಿಲ್ಲದ ಅಟ್ಟಿ: ಕಂಬಳಿ ಹೊದ್ದವನಿಗೆ ಫ್ಯಾನ್ ಹಾಕಿದ ಹಾಗೆ. ಯಂತ್ರ ದೊಡ್ಡದು ಹಾಕಿಸಿದರೂ ಇದು ಸರಿಹೋಗುತ್ತಿರಲಿಲ್ಲ.

ಅಟ್ಟಿಗೆ ಸೇರಿಸುವ ಮೊದಲೇ ಶಾಖಕ್ಕೆ ದಾರಿ ಮಾಡಿಕೊಟ್ಟು ಹಣ್ಣನ್ನು ತಣ್ಣಗೆ ಮಾಡುವುದೇ ಪ್ರಿ-ಕೂಲಿಂಗ್. ರೂಮಿನೊಳಗೇ ಮಾಡುವುದಾದರೆ: ಗಾಳಿ ತೂತು ಇರುವ ಬಾಕ್ಸುಗಳನ್ನು ತೂತಿಗೆ ತೂತು ಕೂಡುವಂತೆ ಎರಡು ಸಾಲು ಜೋಡಿಸಿ, ನಡುವೆ ಎರಡಡಿ ಓಣಿ ಬಿಡಬೇಕು. ಓಣಿಯ ಮೇಲ್ಭಾಗ ಮತ್ತು ಒಂದು ತುದಿಯನ್ನು ತಾಡಪತ್ರಿಯಿಂದ ಬಿಗಿಯಾಗಿ ಮುಚ್ಚಿ, ಇನ್ನೊಂದು ತುದಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಬೇಕು. ಫ್ಯಾನ್ ಓಣಿಯ ಗಾಳಿಯನ್ನು ಎಳೆದುಹಾಕಿದಾಗ ತಣ್ಣನೆ ಗಾಳಿ ಬೇರೆ ದಾರಿಯಿಲ್ಲದೆ ಬಾಕ್ಸಿನ ಒಳಗಿಂದಲೇ ಹಾದು ಬರುತ್ತದೆ. ಕೆ.ಜಿ. ಹಣ್ಣಿಗೆ ಸೆಕೆಂಡಿಗೆ ಒಂದು ಲೀಟರ್ ಗಾಳಿಯಾದರೂ ಬೇಕು. 60 ಬಾಕ್ಸಿಗೆ ಸೆಕೆಂಡಿಗೆ 300 ಲೀಟರ್. ಈ ಹೊತ್ತಿನಲ್ಲಿ ಲೈನರ್ ಬಾಯಿ ತೆರೆದಿರಬೇಕು, ಪ್ಯಾಡ್ ಹಾಕಿರಬಾರದು. ಹಣ್ಣಿಗೂ 0 ಡಿಗ್ರಿಯ ಗಾಳಿಗೂ ಇರುವ ಅಂತರ ಅರ್ಧಕ್ಕಿಳಿಯಲು ಎರಡು ಗಂಟೆ ಹಿಡಿದರೆ 28 ಡಿಗ್ರಿಯ ಹಣ್ಣು ಎರಡು ಗಂಟೆಗೆ 14, ನಾಲ್ಕಕ್ಕೆ 7, ಆರಕ್ಕೆ 3.5. ಹಣ್ಣು 4 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಪ್ಯಾಡ್ ಇಟ್ಟು, ಲೈನರ್ ಮಡಚಿ, ಅಟ್ಟಿಗೆ ಸೇರಿಸಬೇಕು.

ಒಂದು ಟನ್ ಯಂತ್ರಕ್ಕೆ ಒಂದು ಸಲಕ್ಕೆ 60 ಬಾಕ್ಸೇ ಮಿತಿ: 300 ಕೆ.ಜಿ., ಸುಮಾರು 8 ಯೂನಿಟ್ ಶಾಖ, ಆರು ಗಂಟೆಗೆ ಹರಡಿದರೆ ಗಂಟೆಗೆ 1.35, ಉಳಿದ ತಾಕತ್ತು ಒಳಗಿರುವ ಹಣ್ಣನ್ನು ಕಾಯಲು. 240 ಬಾಕ್ಸಿನ ಲಾರಿ ಒಮ್ಮೆಲೇ ಬಂದರೆ ಕೊನೆಯ 60 ಬಾಕ್ಸ್ ಕಾರವಾರದ ಸೆಕೆಯಲ್ಲಿ ಇಡೀ ದಿನ ಕಾಯಬೇಕು. ಕೊಯ್ದ ನಾಲ್ಕಾರು ಗಂಟೆಯೊಳಗೆ ಹಣ್ಣು ತಣ್ಣಗಾಗಲು ಶುರುವಾಗಬೇಕು ಎಂಬುದು ನಿಯಮ. ಒಂದು ರಾತ್ರಿಯ ದಾರಿ ಮುಗಿಸಿ ಬಂದ ಹಣ್ಣಿಗೆ ಆ ಹೊತ್ತು ಆಗಲೇ ಮೀರಿರುತ್ತದೆ. ಆದ್ದರಿಂದ ಕರಾವಳಿಯ ವ್ಯಾಪಾರಿಗೆ ಪ್ರಿ-ಕೂಲಿಂಗ್ ಘಟ್ಟದ ಮೇಲೆ, ತೋಟದ ಹತ್ತಿರವೇ ಆಗಬೇಕು. ರೂಮಿನ ಓಣಿ ಆಪತ್ತಿಗೆ ಇಟ್ಟುಕೊಳ್ಳುವ ಉಪಾಯ ಮಾತ್ರ.

ಇನ್ನು ಬಾಗಿಲು. ಇದೇ ರೂಮಿನಲ್ಲಿ ಸೇಬಿನ ಪೆಟ್ಟಿಗೆಗಳೂ ಇದ್ದವು. ದಿನದ ವ್ಯಾಪಾರಕ್ಕೆ ಬಾಗಿಲು ಹದಿನೈದು ಸಲ ತೆಗೆಯುತ್ತಿತ್ತು. ಏಪ್ರಿಲಿನ ಕಾರವಾರದಲ್ಲಿ 33 ಡಿಗ್ರಿ, ಶೇ. 70 ತೇವ ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರಿರುತ್ತದೆ. 0 ಡಿಗ್ರಿಯ ಗಾಳಿ ಹೊರಬಲ್ಲದ್ದು ಹೆಚ್ಚೆಂದರೆ 5 ಗ್ರಾಂ. ಒಳಬಂದ ಪ್ರತಿ ಘನ ಮೀಟರೂ 20 ಗ್ರಾಂ ನೀರನ್ನು ಎಲ್ಲೋ ಚೆಲ್ಲಲೇಬೇಕು. ಬಾಗಿಲು ತೆಗೆದಾಗ ರೂಮಿನ ಅರ್ಧ ಗಾಳಿ ಬದಲಾದರೆ 300 ಗ್ರಾಂ. ಹದಿನೈದು ಸಲಕ್ಕೆ ನಾಲ್ಕೂವರೆ ಲೀಟರ್. ರಾತ್ರಿ ತೆಗೆದರೆ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ವಿಜಯಪುರದಲ್ಲಾದರೆ ರಾತ್ರಿಯ ಲಾಭ ದೊಡ್ಡದು. ಕಡಲ ಬದಿಯಲ್ಲಿ ಮಾತ್ರ ರಾತ್ರಿ ಇಳಿಯುವುದು ಶಾಖ ಮಾತ್ರ. ಗಾಳಿಯಲ್ಲಿರುವ ನೀರಿನ ಗ್ರಾಂ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

ಇಷ್ಟು ನೀರು ಒಳಗೆ ಬಂದರೂ ಕಡ್ಡಿ ಒಣಗಿದ್ದೇಕೆ? ಬಂದ ನೀರೆಲ್ಲ ಹೋಗಿ ಕೂತದ್ದು ಕಾಯಿಲಿನ (ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿಯ) ಮೇಲೆ, ಹಿಮವಾಗಿ. ಹಿಮ ದಪ್ಪವಾದಂತೆ ಗಾಳಿ ಹಾಯುವುದು ಕಡಿಮೆಯಾಗಿ, ಯಂತ್ರ ಕಾಯಿಲನ್ನು ಇನ್ನೂ ತಣ್ಣಗೆ ಓಡಿಸುತ್ತದೆ. ರೂಮಿನ ತೇವವನ್ನು ತೀರ್ಮಾನಿಸುವುದು ಕಾಯಿಲಿನ ಚಳಿ. ಗಾಳಿ 0 ಡಿಗ್ರಿ, ಕಾಯಿಲ್ ಮೈ ಮೈನಸ್ 1 ಇದ್ದರೆ ಅದು ರೂಮಿನ ತೇವವನ್ನು ಶೇ. 92ರ ಕಡೆಗೆ ಎಳೆಯುತ್ತದೆ. ಮೈನಸ್ 3 ಇದ್ದರೆ ಶೇ. 78, ಮೈನಸ್ 6 ಇದ್ದರೆ ಶೇ. 60. ದ್ರಾಕ್ಷಿಗೆ ಬೇಕಾದದ್ದು ಶೇ. 90-95. ಚಿಕ್ಕ ಕಾಯಿಲ್ ಹಾಕಿ ಬೆಲೆ ಇಳಿಸಿದ ರೂಮುಗಳೆಲ್ಲ ಒಣ ರೂಮುಗಳು, ಹೊರಗೆ ಎಷ್ಟೇ ಸೆಕೆ ಇರಲಿ. ಈ ರೂಮಿನಲ್ಲಿ ಫ್ಯಾನಿನ ಎದುರು ಸಾಲಿನ ಬಾಕ್ಸುಗಳ ಕಡ್ಡಿ ಎಲ್ಲಕ್ಕಿಂತ ಮೊದಲು ಕಂದಿದ್ದು ಅದಕ್ಕೇ. ಮೇಲಾಗಿ ಥರ್ಮೋಸ್ಟಾಟಿನ ಅಂತರ 2 ಡಿಗ್ರಿ ಇತ್ತು: ಗಾಳಿ ಮೈನಸ್ 0.5ಕ್ಕೂ 1.5ಕ್ಕೂ ನಡುವೆ ದಿನವಿಡೀ ಉಯ್ಯಾಲೆ. ಪ್ರತಿ ಏರಿಳಿತಕ್ಕೂ ಲೈನರಿನೊಳಗೆ ಹನಿ ಕೂತು, ಪ್ಯಾಡ್ ಒಂದೊಂದು ಗುಟುಕು ಕುಡಿಯಿತು.

ಚಳಿ ಹೆಚ್ಚು ಮಾಡುತ್ತಾ ಹೋದರಾಯಿತಲ್ಲ ಎನ್ನುವವರಿಗೆ ಒಂದು ಮಾತು. 18 ಬ್ರಿಕ್ಸ್ ಸಿಹಿಯ (ರಸದಲ್ಲಿ ಸುಮಾರು ಶೇ. 18 ಸಕ್ಕರೆ ಇರುವ) ಕಾಳು ಮೈನಸ್ 2 ದಾಟಿದ ಮೇಲೆಯೇ ಹೆಪ್ಪುಗಟ್ಟುತ್ತದೆ, ಕಡ್ಡಿಯೂ ಮೈನಸ್ 2ರ ಆಸುಪಾಸಿನಲ್ಲಿ. ಅಳತೆ ಸರಿಯಿರುವ ದೊಡ್ಡ ಸ್ಟೋರೇಜಿನವರು ಮೈನಸ್ 1ರಲ್ಲಿ ಇಡುತ್ತಾರೆ. ಏರಿಳಿತ ಇರುವ ಸಣ್ಣ ರೂಮಿನಲ್ಲಿ ಅದು ಅಪಾಯ. ಕಾಯಿಲಿನ ಎದುರಿನ ಬಾಕ್ಸು ಮೊದಲು ಹೋಗುತ್ತದೆ. 0 ಡಿಗ್ರಿಯೇ ಸಾಕು.

ಎರಡನೇ ತಂಡ ಏಪ್ರಿಲ್ ಎರಡನೇ ವಾರ ಬಂತು, 120 ಬಾಕ್ಸ್ ಮಾತ್ರ. ತೋಟದಲ್ಲೇ ಬದಲಾವಣೆ ಶುರು. ಮಳೆ ಹನಿ ಬಿದ್ದ ಬ್ಲಾಕಿನ ಹಣ್ಣು ಬೇಡ ಎಂದು ಮೊದಲೇ ಮಾತಾಯಿತು. ರಿಫ್ರಾಕ್ಟೋಮೀಟರಿನಲ್ಲಿ 18 ಬ್ರಿಕ್ಸ್ ಬಂದ ಗೊಂಚಲನ್ನು ಮಾತ್ರ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ದರು. ಗೊಂಚಲನ್ನು ಕಡ್ಡಿಯಿಂದಷ್ಟೇ ಹಿಡಿಯುವುದು, ಒಡೆದ ಕಾಳನ್ನು ಕತ್ತರಿಯಿಂದ ತೊಟ್ಟು ಸಮೇತ ತೆಗೆಯುವುದು (ಕೈಯಿಂದ ಕಿತ್ತರೆ ಪಕ್ಕದ ಕಾಳಿಗೆ ರಸ ಹತ್ತುತ್ತದೆ), ಮೇಲಿನ ಬೂದಿಯಂಥ ಮೇಣ ಉಜ್ಜಿ ಹೋಗದಂತೆ ನೋಡುವುದು, ತೊಳೆಯದಿರುವುದು. ಅಲ್ಲೇ ಬಾಡಿಗೆಯ ಪ್ರಿ-ಕೂಲಿಂಗ್ ಘಟಕದಲ್ಲಿ ಹಣ್ಣು 3 ಡಿಗ್ರಿಗೆ ಇಳಿಯಿತು. ಪ್ಯಾಡ್ ಇಟ್ಟದ್ದು ಆಮೇಲೆ: ತಳಕ್ಕೆ ಗುಳ್ಳೆ ಹಾಳೆ, ಅದರ ಮೇಲೆ ಪೌಚಿನ ಗೊಂಚಲು ಕಡ್ಡಿ ಮೇಲಾಗಿ, ಹನಿ ಬಿದ್ದರೆ ಹೀರಲು ಒಂದು ತೆಳು ಕಾಗದ, ಪ್ಯಾಡಿನ ಮೇಲೆ ಅಚ್ಚಾಗಿರುವ ಸೂಚನೆಯಂತೆ ಸರಿಯಾದ ಮಗ್ಗುಲು ಹಣ್ಣಿಗೆ ಮುಖ ಮಾಡಿ ಐದು ಕೆ.ಜಿ.ಗೇ ಮಾಡಿದ ಪ್ಯಾಡ್, ನಂತರ ಲೈನರ್ ಮಡಿಕೆ. ಲೈನರಿಗೆ ಸಣ್ಣ ತೂತುಗಳಿರಬೇಕು. ತೂತಿಲ್ಲದಿದ್ದರೆ ನೀರು ನಿಲ್ಲುತ್ತದೆ, ತೂತು ಹೆಚ್ಚಾದರೆ ಅನಿಲ ಉಳಿಯುವುದಿಲ್ಲ.

ವಾಹನ ತಣ್ಣಗೆ ಇಡುವಂಥದ್ದು. ಹಣ್ಣು ಹತ್ತಿಸುವ ಮೊದಲೇ ಖಾಲಿ ಗಾಡಿಯನ್ನು ತಣ್ಣಗೆ ಮಾಡಿಸಲಾಗಿತ್ತು. ಕಾರವಾರದಲ್ಲಿ ಇಳಿಯುವಾಗ ಕಾಳು 6 ಡಿಗ್ರಿ. ಈಗಿನ ಅಪಾಯ ಬೇರೆ: ಹೊರಗಿನ ಗಾಳಿ 26-27 ಡಿಗ್ರಿಗೇ ಬೆವರುವಂಥದ್ದು, 6 ಡಿಗ್ರಿಯ ಬಾಕ್ಸು ಹೊರಬಂದ ಕ್ಷಣದಿಂದ ರಟ್ಟಿನ ಮೇಲೆ ನೀರು ಕೂರುತ್ತದೆ. ಗಾಡಿಯ ಹಿಂಬದಿಯನ್ನು ರೂಮಿನ ಬಾಗಿಲಿಗೇ ತಾಗಿಸಿ, ನಾಲ್ಕು ಜನ ಕೈಯಿಂದ ಕೈಗೆ ದಾಟಿಸಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಅಟ್ಟಿ ಈ ಸಲ ಮರದ ಪ್ಯಾಲೆಟಿನ ಮೇಲೆ, ಗೋಡೆಯಿಂದ ಅರ್ಧ ಅಡಿ, ಸಾಲಿನಿಂದ ಸಾಲಿಗೆ ನಾಲ್ಕು ಬೆರಳು, ಚಾವಣಿಯಿಂದ ಎರಡಡಿ ಬಿಟ್ಟು. ಸೇಬು ಬೇರೆ ಕಡೆಗೆ ಹೋಯಿತು. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ, ದಿನಕ್ಕೆ ಎರಡೇ ಸಲ ತೆಗೆಯುವುದು. ಥರ್ಮೋಸ್ಟಾಟಿನ ಅಂತರ ಅರ್ಧ ಡಿಗ್ರಿಗೆ ಇಳಿಯಿತು, ಡಿಫ್ರಾಸ್ಟ್ (ಕಾಯಿಲಿನ ಹಿಮ ಕರಗಿಸುವುದು) ಹಿಮ ತೆಳುವಿರುವಾಗಲೇ ಆಗುವಂತೆ ಹೊತ್ತು ಬದಲಾಯಿತು. ತೇವಕ್ಕೆ ನೆಲಕ್ಕೆ ದಿನವೂ ನೀರು ಚಿಮುಕಿಸುವುದು, ಬಾಕ್ಸಿಗೆ ತಾಗದಂತೆ.

ಮೇ ಮಧ್ಯದಲ್ಲಿ ಗುಡುಗು ಮಳೆಗೆ ಒಂದು ರಾತ್ರಿ ಆರು ಗಂಟೆ ಕರೆಂಟ್ ಹೋಯಿತು. ಹೆದರಿ ಬಾಗಿಲು ತೆಗೆದು ನೋಡುವುದೇ ಆಗ ದೊಡ್ಡ ತಪ್ಪು. ಈ ಅಳತೆಯ ರೂಮಿಗೆ ಗೋಡೆಗಳಿಂದ ಒಳಬರುವ ಶಾಖ ಗಂಟೆಗೆ ಸುಮಾರು 430 ವ್ಯಾಟ್-ಗಂಟೆ. ಆರು ಗಂಟೆಗೆ 2.6 ಯೂನಿಟ್. ಅಷ್ಟೂ ಹಣ್ಣಿಗೇ ಹೋದರೂ ಒಳಗಿದ್ದ 600 ಕೆ.ಜಿ. ನಾಲ್ಕು ಡಿಗ್ರಿಯಷ್ಟು ಏರಬೇಕು. ರೂಮು ತುಂಬಿದಷ್ಟೂ ಇದು ಕಡಿಮೆ, 1,200 ಕೆ.ಜಿ. ಇದ್ದಿದ್ದರೆ ಎರಡು ಡಿಗ್ರಿ. ಖಾಲಿ ಜಾಗಕ್ಕೆ ಕ್ಯಾನುಗಳಲ್ಲಿ ನೀರು ತುಂಬಿಟ್ಟಿದ್ದರಿಂದ ಏರಿಕೆ ಮೂರು ಡಿಗ್ರಿ ಒಳಗೇ ನಿಂತಿತು.

ಹೊರತರುವ ಕೆಲಸಕ್ಕೆ ಯಾರೂ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಎರಡು ತಿಂಗಳು ಕಾದ ಹಣ್ಣು ಗಾಡಿಯ ಮೇಲೆ ಎರಡು ತಾಸಿನಲ್ಲಿ ಕೆಡುವುದು ಇಲ್ಲಿಯೇ. 0 ಡಿಗ್ರಿಯ ಗೊಂಚಲನ್ನು ನೇರವಾಗಿ ಸೆಕೆಗೆ ತೆರೆದಿಟ್ಟರೆ ಮೈತುಂಬ ನೀರು, ಆ ನೀರಿನಲ್ಲಿ ಬೂಸ್ಟು. ಈ ತಂಡದ ಬಾಕ್ಸುಗಳನ್ನು ಲೈನರ್ ತೆರೆಯದೆ, ಎ.ಸಿ. ಹಾಕಿದ ಕೋಣೆಯಲ್ಲಿ ಇಟ್ಟರು. 24 ಡಿಗ್ರಿ, ಶೇ. 50 ತೇವದ ಕೋಣೆಯಲ್ಲಿ ಬೆವರು ಕೂರುವುದು 13 ಡಿಗ್ರಿಗಿಂತ ತಣ್ಣಗಿನ ವಸ್ತುವಿನ ಮೇಲೆ ಮಾತ್ರ, ಅದೂ ಲೈನರಿನ ಹೊರಮೈಗೆ. ಕಾಳು 15 ಡಿಗ್ರಿಗೆ ಬಂದ ಮೇಲೆ ಲೈನರ್ ಬಿಚ್ಚಿ ಪ್ಯಾಡ್ ತೆಗೆದು, ಹಣ್ಣಿಗೆ ಅರ್ಧ ಗಂಟೆ ಗಾಳಿಯಾಡಿಸಿ, ಅಂಗಡಿಗಳಿಗೆ ಎ.ಸಿ. ಕೋಣೆಯಿಂದ ನೇರವಾಗಿ, ಒಂದು ದಿನ ಮಾರುವಷ್ಟೇ ಕಳಿಸಿದರು. 15 ಡಿಗ್ರಿಯ ಹಣ್ಣೂ ಹೊರಗಿನ ಗಾಳಿಯಲ್ಲಿ ಬೆವರುತ್ತದೆ, ಆದರೆ ಬೇಗ ಆರುತ್ತದೆ. ತೆಗೆದ ಪ್ಯಾಡನ್ನು ಅಂಗಡಿಯವರಿಗೆ ಕೊಡಬಾರದು. ಉಬ್ಬಸ ಇರುವವರಿಗೆ ಆ ಘಾಟು ಅಪಾಯ. ರೂಮಿನೊಳಗೆ ಹೋದಾಗ ಮೂಗು ಉರಿದರೆ ಹೊರಬಂದು, ಬಾಗಿಲು ತೆಗೆದು ಗಾಳಿಯಾಡಿಸಿದ ಮೇಲೆಯೇ ಮತ್ತೆ ಹೋಗಬೇಕು, ಹೊರಗಿನ ತೇವ ಒಳಬಂದರೂ ಸರಿ. ಹಣ್ಣಿನಲ್ಲಿ ಸಲ್ಫೈಟ್ ಉಳಿಕೆಗೆ ಅಮೆರಿಕದಂಥ ದೇಶಗಳು ಇಟ್ಟಿರುವ ಮಿತಿ 10 ಪಿಪಿಎಂ. ಬಿಳುಪಾದ ಕಾಳನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಮಾರುವುದು ಆ ಲೆಕ್ಕದಲ್ಲೂ ಸಲ್ಲದು.

ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹೀಗೆಯೇ ಇಡಬಹುದೇ ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿ ಅಮೆರಿಕ ಮೂಲದ ಲ್ಯಾಬ್ರಸ್ಕಾ ಜಾತಿಯ ರಕ್ತವಿದೆ. ಆ ಕಡೆಯ ಹಣ್ಣುಗಳಿಗೆ ಸಲ್ಫರ್ ಡೈಆಕ್ಸೈಡ್ ಆಗಿಬರುವುದಿಲ್ಲ. ಈ ಲೆಕ್ಕಗಳನ್ನು ಅದಕ್ಕೆ ಹಚ್ಚಬೇಡಿ.

ಮೊದಲ ತಂಡದ 240ರಲ್ಲಿ 70 ಬಾಕ್ಸ್ ಪೂರ್ತಿ ಬಿಸಾಡಿದ್ದು, ಉಳಿದದ್ದು ಆಯ್ದು ಬಿಡಿಗಾಳಾಗಿ ಮಾರಿದ್ದು. ಎರಡನೇ ತಂಡದಲ್ಲಿ 40ನೇ ದಿನ ಗುರುತಿನ ಮೂರು ಬಾಕ್ಸುಗಳು ಸರಾಸರಿ 4,920 ಗ್ರಾಂ ತೂಗಿದವು, ಶೇ. 1.6ರ ನಷ್ಟ, ಕಡ್ಡಿ ಹಸಿರು, ಪ್ಯಾಡ್ ಸೀಳಿದರೆ ನಿಧಾನದ ಕೋಶದಲ್ಲಿ ಪುಡಿ. ಎರಡು ಬಾಕ್ಸಿನಲ್ಲಿ ಬೂಸ್ಟಿನ ಒಂದೊಂದು ಕಾಳು ಸಿಕ್ಕಿತು, ಗೂಡು ಕಟ್ಟಿರಲಿಲ್ಲ. ನಾಲ್ಕನೇ ಗುರುತಿನ ಬಾಕ್ಸು, ಕಾಯಿಲಿನ ಎದುರು ಸಾಲಿನದು, ಮಾತ್ರ 4,860ಕ್ಕೆ ಇಳಿದು ಕಡ್ಡಿ ಕಂದಿತ್ತು. ನೆಲಕ್ಕೆ ನೀರು ಚಿಮುಕಿಸಿದ್ದು ಅಲ್ಲಿಗೆ ತಲುಪಲಿಲ್ಲ. ಕಾಯಿಲ್ ದೊಡ್ಡದಾಗುವವರೆಗೆ ಅದಕ್ಕೆ ಮದ್ದಿಲ್ಲ. ಅಲ್ಲಿಯವರೆಗೆ ಆ ಸಾಲಿನ ಬಾಕ್ಸುಗಳು ಮೂರನೇ ವಾರದಲ್ಲೇ ಮೊದಲು ಮಾರಾಟಕ್ಕೆ ಹೋಗುತ್ತವೆ.